ದೊಡ್ಡಮ್ಮನ ಪಿಕಪ್ಪಿನ ಗುಂಯ್ ಶಬ್ದ

ಯಾರ ಕಾರಿನಲ್ಲಿ ಕುಳಿತರೂ ಮೊದಲ ಸ್ವಲ್ಪ ಹೊತ್ತು ನಾನು ಮಾತನಾಡುವುದಿಲ್ಲ. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲವಾದ್ದರಿಂದ ಮನೆಯವರಿಗೆ ಗಾಬರಿಯಾಗುತ್ತದೆ. ಚಪ್ಪಲಿ ಕಳಚಿ, ಬರಿಯ ಅಂಗಾಲನ್ನು ಕಾರಿನ ನೆಲಕ್ಕೆ ಊರಿ, ತಲೆಯನ್ನು ಒಂದಿಷ್ಟು ಓರೆ ಮಾಡಿ ಕೂರುತ್ತೇನೆ. "ಅಮ್ಮ, ತಲೆ ತಿರುಗ್ತಾ ಉಂಟಾ?" ಎಂದು ಮಗ ಕೇಳುತ್ತಾನೆ. ಸೊಸೆ ಚೀಲದಲ್ಲಿ ಲಿಂಬೆಹಣ್ಣು ಹುಡುಕುತ್ತಾಳೆ. ನನಗೆ ತಲೆಯೂ ತಿರುಗುವುದಿಲ್ಲ, ಹೊಟ್ಟೆಯೂ ತೊಳಸುವುದಿಲ್ಲ. ಗಾಡಿಯ ಅಡಿಯಿಂದ ಏನಾದರೂ ಶಬ್ದ ಬರುತ್ತದೆಯೇ ಎಂದು ಕೇಳುತ್ತಿರುತ್ತೇನೆ, ಅಷ್ಟೆ. ಈಗಿನ ಕಾರುಗಳು ತಮ್ಮ ಹೊಟ್ಟೆಯೊಳಗಿನ ಸಂಕಟ ಯಾರಿಗೂ ಹೇಳುವುದಿಲ್ಲ. ಬೆಲ್ಟು ಹಾಕದವರ ಮೇಲೆ ಕುಂಯ್ ಕುಂಯ್ ಎಂದು ಚಾಡಿ ಹೇಳುವುದೊಂದೇ ಅವಕ್ಕೆ ಗೊತ್ತು. ನನಗೆ ಸ್ವಲ್ಪ ನಿರಾಸೆಯೇ ಆಗುತ್ತದೆ.

ಈ ಚಾಳಿ ನನಗೆ ಅಂಟಿದ್ದು ಕೋಡಿಂಬಾಳದ ದೊಡ್ಡಮ್ಮನ ಪಿಕಪ್ಪಿನಿಂದ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಪಿಯುಸಿ ಮುಗಿಸಿದ ಮೇಲೆ ನನ್ನನ್ನು ಏನು ಮಾಡುವುದೆಂದು ಮನೆಯಲ್ಲಿ ಯಾರಿಗೂ ತೋಚದೆ, ಅಮ್ಮ ತನ್ನ ಅಕ್ಕನ ಮನೆಗೆ ಕಳಿಸಿದ್ದಳು. ದೊಡ್ಡಪ್ಪ ತೀರಿಹೋಗಿ ಬಹಳ ವರ್ಷವಾಗಿತ್ತು. ರಬ್ಬರು, ತೆಂಗು, ಗದ್ದೆ ಎಲ್ಲವನ್ನೂ ದೊಡ್ಡಮ್ಮನೇ ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳುವುದು ಎಂದರೆ ಜಗಲಿಯಲ್ಲಿ ಕುಳಿತು ಕೂಗುವುದು. ಅವರು ಕೂಗಿದರೆ ತೋಟದ ಆಚೆ ತುದಿಯಲ್ಲಿ ರಬ್ಬರ್ ಹಾಲು ತೆಗೆಯುವವರು ತಾವೇನೂ ತಪ್ಪು ಮಾಡದಿದ್ದರೂ ಒಮ್ಮೆ ಬೆಚ್ಚುತ್ತಿದ್ದರು.

ಪಿಕಪ್ಪಿಗೆ ಜೀಪಿನ ಮುಖ, ಸಣ್ಣ ಲಾರಿಯ ಬೆನ್ನು. ಯಾವುದೋ ಎಸ್ಟೇಟಿನವರು ಓಡಿಸಿ ಬಿಟ್ಟದ್ದನ್ನು ದೊಡ್ಡಮ್ಮ ಕೊಂಡು, ಅದಕ್ಕೆ ಅರಸಿನದ ಬಣ್ಣ ಹೊಡೆಸಿದ್ದರು. ಆದರೆ ಡೀಸೆಲಿನ ವಾಸನೆಗೆ ಅವರಿಗೆ ವಾಂತಿ ಬರುತ್ತಿತ್ತು. ಹಾಗಾಗಿ ಗಾಡಿಯ ಒಡತಿ ಎಂದೂ ಮುಂದೆ ಕೂತವರಲ್ಲ. ಹಿಂದಿನ ತೆರೆದ ಜಾಗದಲ್ಲಿ ದೊಡ್ಡಪ್ಪನ ಕೈಕುರ್ಚಿಯನ್ನು ಹಗ್ಗದಿಂದ ಬಿಗಿದು ಕಟ್ಟಿಸಿ, ಅದರ ಮೇಲೆ ಕೊಡೆ ಬಿಡಿಸಿಕೊಂಡು ಕುಳಿತುಕೊಳ್ಳುತ್ತಿದ್ದರು. ಅವರು ಕಡಬ ಪೇಟೆ ದಾಟುವಾಗ ಅಂಗಡಿ ಬೆಂಚುಗಳಲ್ಲಿ ಕೂತ ಗಂಡಸರು ಬೀಡಿ ಅಡಗಿಸಿ ಎದ್ದು ನಿಲ್ಲುತ್ತಿದ್ದರು. ಎದ್ದು ನಿಲ್ಲದವರ ಹೆಸರು ದೊಡ್ಡಮ್ಮನಿಗೆ ನೆನಪಿರುತ್ತಿತ್ತು.

ಅವರದೊಂದು ಕಟ್ಟುನಿಟ್ಟಿನ ನೇಮವಿತ್ತು. ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದು. ಇದು ನಮ್ಮ ಕಡೆ ಎಲ್ಲರಿಗೂ ಇರುವ ನೇಮವೇ. ಆದರೆ ಉಳಿದವರು ಒಂದು ಚಿಪ್ಪು ಬಾಳೆಹಣ್ಣಿನಲ್ಲಿ ಮುಗಿಸುತ್ತಾರೆ. ದೊಡ್ಡಮ್ಮ ಹೊರಟರೆ ಗಾಡಿಯೊಳಗೆ ಗೊನೆಗಳು ಬೀಳುತ್ತಿದ್ದವು, ತೆಂಗಿನಕಾಯಿ ಉರುಳುತ್ತಿದ್ದವು, ಹಲಸು, ಕುಂಬಳ, ಸೌತೆ, ಸುವರ್ಣಗಡ್ಡೆ ಎಲ್ಲ ಏರಿ ಕೂತ ಮೇಲೆ ಕೊನೆಗೆ ಅವರು ಏರುತ್ತಿದ್ದರು. ಹೋದ ಮನೆಯವರಿಗೂ ನೇಮ ಇರಬೇಕಲ್ಲ. ಕೊಟ್ಟು ಕಳಿಸಿದ ಬುಟ್ಟಿಯನ್ನು ಖಾಲಿ ಹಿಂದಿರುಗಿಸಬಾರದು. ಅವರು ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ, ಬೆಲ್ಲದ ಡಬ್ಬ, ಕಸಿ ಮಾವಿನ ಗಿಡ, ಒಮ್ಮೆಯಂತೂ ಒಂದು ಕರುವನ್ನೇ ಹೇರಿ ಕಳಿಸಿದ್ದರು. ಕರು ದಾರಿಯುದ್ದಕ್ಕೂ ದೊಡ್ಡಮ್ಮನ ಸೀರೆಯ ಸೆರಗು ತಿನ್ನುತ್ತಾ ಬಂದಿತ್ತು.

ಈ ಕೊಡು ಕೊಳ್ಳುವ ಭಾರಕ್ಕೆ ಪಿಕಪ್ಪಿನ ಹಿಂಬದಿ ಕುಸಿಯತೊಡಗಿತು. ದೊಡ್ಡಮ್ಮ ಪುತ್ತೂರು ದರ್ಬೆಯ ಮೆಕ್ಯಾನಿಕ್ ಹಸನಬ್ಬ ಮೇಸ್ತ್ರಿಗೆ ಹೇಳಿ, ಹಿಂದಿನ ಚಕ್ರಗಳ ಸ್ಪ್ರಿಂಗಿಗೆ ಒಂದೊಂದು ಪ್ಲೇಟು ಹೆಚ್ಚು ಹಾಕಿಸಿದರು. ಗಾಡಿ ಗಟ್ಟಿಯಾಯಿತು. ಖಾಲಿ ನಿಂತಾಗ ಮೊಟ್ಟೆ ಇಡಲು ಜಾಗ ಹುಡುಕುವ ಹೇಂಟೆಯ ಹಾಗೆ ಹಿಂಬದಿ ಎತ್ತಿಕೊಂಡು ನಿಲ್ಲುತ್ತಿತ್ತು. ನೋಡಿ ನಕ್ಕೆವು, ಮರೆತೆವು.

ಇದಾದ ಮೇಲೆ ಶುರುವಾಯಿತು ಡ್ರೈವರ್ ಜನ್ನುವಿನ ದೂರು. ಜನಾರ್ದನ ಎಂಬುದು ಅವನ ಪೂರ್ತಿ ಹೆಸರು. ಒಳ್ಳೆಯ ಹುಡುಗ, ತಲೆಗೆ ಎಣ್ಣೆ ಸ್ವಲ್ಪ ಹೆಚ್ಚು.

"ಅಮ್ಮ, ಹಿಂದಿನಿಂದ ಎಂತದೋ ಗುಂಯ್ ಅಂತ ಶಬ್ದ ಬರ್ತಾ ಉಂಟು. ಸೀಟಿನಡಿಯಲ್ಲಿ ನಡುಗ್ತದೆ."

"ನಾನು ಹಿಂದೆಯೇ ಕೂರುದಲ್ವಾ? ನನಗೆ ಕೇಳ್ಳಿಲ್ಲ" ಎಂದರು ದೊಡ್ಡಮ್ಮ.

ಶಬ್ದದ ವಿಷಯದಲ್ಲಿ ದೊಡ್ಡಮ್ಮನ ಕಿವಿಯೇ ನಮ್ಮ ಊರಿನ ಕೋರ್ಟು. ಹಲಸಿನಕಾಯಿಯನ್ನು ಎರಡು ಬೆರಳಿನಿಂದ ತಟ್ಟಿ, ಇನ್ನು ಎಷ್ಟು ದಿನಕ್ಕೆ ಹಣ್ಣಾಗುತ್ತದೆ ಎಂದು ಹೇಳುತ್ತಿದ್ದರು. ತೆಂಗಿನಕಾಯಿ ಅಲ್ಲಾಡಿಸಿ ಒಳಗೆ ನೀರು ಎಷ್ಟಿದೆ, ತಿರುಳು ಹೇಗಿದೆ ಎಂದು ತೀರ್ಪು ಕೊಡುತ್ತಿದ್ದರು. ಚಿಕ್ಕವರಾಗಿದ್ದಾಗ ನಮಗೆ ಹೊಟ್ಟೆನೋವು ಬಂದರೂ ಅಂಗಾತ ಮಲಗಿಸಿ ಹಾಗೆಯೇ ತಟ್ಟಿ ನೋಡುತ್ತಿದ್ದರು. ಶಾಲೆಗೆ ಹೋಗಲು ಮನಸ್ಸಿಲ್ಲದ ಹೊಟ್ಟೆನೋವಿನ ಶಬ್ದವೇ ಬೇರೆಯಂತೆ. ನನ್ನದು ಹೆಚ್ಚಾಗಿ ಅದೇ ಇರುತ್ತಿತ್ತು. ಅಂಥ ಕಿವಿಗೆ ಕೇಳದ ಶಬ್ದ ಜನ್ನುವಿಗೆ ಕೇಳುವುದೆಂದರೆ ಅದು ಸುಳ್ಳಲ್ಲದೆ ಇನ್ನೇನು?

ಆದರೂ ಅವನ ಕಾಟ ತಡೆಯದೆ ಒಂದು ಸಲ ದರ್ಬೆಗೆ ಕಳಿಸಿದರು. ಹಸನಬ್ಬ ಮೇಸ್ತ್ರಿಗೆ ಶಬ್ದ ಚೆನ್ನಾಗಿಯೇ ಕೇಳಿಸಿತು. ಅವರು ಗಾಡಿಯನ್ನು ಜಾಕಿಯ ಮೇಲೆ ಎತ್ತಿ, ಚಕ್ರ ತಿರುಗಿಸಲು ಹೇಳಿ, ಉದ್ದದ ಸ್ಕ್ರೂಡ್ರೈವರಿನ ಮೊನೆಯನ್ನು ಅಲ್ಲಿ ಇಲ್ಲಿ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಡಾಕ್ಟರರ ಹಾಗೆ ಕೇಳಿದರು. ಎಂಜಿನಿನಿಂದ ಹಿಂದಿನ ಚಕ್ರಕ್ಕೆ ತಿರುಗುವ ಶಕ್ತಿ ಒಯ್ಯುವ ಉದ್ದದ ಶಾಫ್ಟಿನ ತುದಿಯಲ್ಲಿ ಕ್ರಾಸ್ ಎಂಬುದೊಂದು ಇರುತ್ತದೆ. ಅದು ಸವೆದಿದೆ ಎಂದು ಬದಲಾಯಿಸಿದರು. ಶಬ್ದ ಹೋಗಲಿಲ್ಲ. ಇನ್ನೊಂದು ತುದಿಯದ್ದನ್ನೂ ಬದಲಾಯಿಸಿದರು. ಹೋಗಲಿಲ್ಲ. ಹಿಂದಿನ ಟೈರುಗಳನ್ನು ಮುಂದೆ, ಮುಂದಿನವನ್ನು ಹಿಂದೆ ಹಾಕಿದರು. ಕೊನೆಗೆ ಕೈ ಒರೆಸಿಕೊಂಡು, "ಇದು ಶಬ್ದ ಅಲ್ಲ ಮಾರಾಯ, ಗಾಡಿಯ ಸ್ವಭಾವ. ಕೆಲವರು ನಿದ್ದೆಯಲ್ಲಿ ಗೊರಕೆ ಹೊಡೀತಾರಲ್ವಾ, ಹಾಗೆ" ಎಂದರು.

ನೆರೆಯ ವರ್ಕಿಚೇಟ ಬೇರೆ ಇದ್ದರು. ಕೇರಳದಿಂದ ಬಂದು ರಬ್ಬರು ಹಾಕಿದವರು, ಸ್ವಂತ ಜೀಪು ಇದ್ದವರು. ಯಾವ ಕಾಯಿಲೆಯನ್ನೂ ಅವರು ಸಣ್ಣದರಿಂದ ಶುರು ಮಾಡುವವರಲ್ಲ. ಕೆಮ್ಮು ಎಂದರೆ ಕ್ಷಯ, ತಲೆನೋವು ಎಂದರೆ ಮೆದುಳು. "ಚೇಚಿ, ಅದು ಕ್ರೌನ್ ಪೋಯಿ. ಹಿಂದಿನ ಹೌಸಿಂಗ್ ಫುಲ್ ಬಿಚ್ಚಬೇಕು" ಎಂದು ದೊಡ್ಡಮ್ಮನಿಗೆ ಹೇಳಿದರು. ಅಕ್ಕ, ಹಿಂದಿನ ಚಕ್ರಗಳ ನಡುವಿನ ದೊಡ್ಡ ಹಲ್ಲುಚಕ್ರವೇ ಹೋಯಿತು ಎಂದು ಅದರ ಅರ್ಥ. ಪರೀಕ್ಷೆ ಮಾಡಲೆಂದು ದೊಡ್ಡಮ್ಮನ ಜೊತೆಗೇ ಬಾಳೆಗೊನೆಗಳ ನಡುವೆ ಕುಳಿತು ಒಂದು ಮದುವೆಮನೆಗೆ ಹೋಗಿಬಂದರು. ಗಾಡಿ ಹೋಗುವಾಗಲೂ ಮೌನ, ಬರುವಾಗಲೂ ಮೌನ. ವರ್ಕಿಚೇಟನ ಕ್ರೌನಿಗೆ ದೊಡ್ಡ ಅವಮಾನವಾಯಿತು.

ದೊಡ್ಡಮ್ಮನಿಗೆ ಈಗ ಎಲ್ಲ ಸ್ಪಷ್ಟವಾಯಿತು. ಹಸನಬ್ಬರ ಗ್ಯಾರೇಜಿನ ಎದುರೇ ಸಿನೆಮಾದ ಪೋಸ್ಟರ್ ಅಂಟಿಸುವ ಗೋಡೆ ಇತ್ತು. ಪಕ್ಕದಲ್ಲಿ ಹೋಟೆಲಿತ್ತು. ಶಬ್ದದ ಮೂಲ ಅಲ್ಲಿದೆ ಎಂದು ಅವರು ತೀರ್ಮಾನಿಸಿದರು.

"ಜನ್ನು, ಬರುವ ಸಂಕ್ರಮಣದೊಳಗೆ ಆ ಶಬ್ದವನ್ನು ನನ್ನ ಕಿವಿಗೆ ಕೇಳಿಸು. ಆಗದಿದ್ರೆ ಕೀಲಿಕೈ ಇಲ್ಲಿಟ್ಟು ಹೋಗು. ಸುಳ್ಳು ಹೇಳುವವನ ಗಾಡಿಯಲ್ಲಿ ನಾನು ಕೂರುದಿಲ್ಲ."

ಜನ್ನುವಿನ ಮುಖ ಹುಳಿ ತಿಂದವರ ಹಾಗಾಯಿತು. ಸುಳ್ಯದ ಕಡೆ ಅವನಿಗೆ ಮದುವೆಗೆ ಹುಡುಗಿ ಗೊತ್ತಾಗಿತ್ತು. ಡ್ರೈವರ್ ಎಂಬ ಒಂದೇ ಕಾರಣಕ್ಕೆ ಹುಡುಗಿಯ ಅಪ್ಪ ಒಪ್ಪಿದ್ದರು. ದೊಡ್ಡಮ್ಮ ಸುಳ್ಳುಗಾರನೆಂದು ಓಡಿಸಿದವನಿಗೆ ಕಡಬದ ಸುತ್ತ ಯಾರೂ ಸೈಕಲ್ಲನ್ನೂ ಕೊಡುತ್ತಿರಲಿಲ್ಲ. ಕೆಲಸ ಹೋದರೆ ಹುಡುಗಿಯೂ ಹೋದಂತೆಯೇ. ಲೋಕದ ಡ್ರೈವರುಗಳೆಲ್ಲ ಗಾಡಿ ಶಬ್ದ ಮಾಡದಿರಲಿ ಎಂದು ದೇವರಿಗೆ ಕೈ ಮುಗಿದರೆ, ನಮ್ಮ ಜನ್ನು ಶಬ್ದ ಬರಲಿ ಎಂದು ಗಣಪತಿಗೆ ಕಾಯಿ ಒಡೆಸಿದ. ಕಾಯಿಯನ್ನು ಆರಿಸಿ ಕೊಟ್ಟದ್ದು ದೊಡ್ಡಮ್ಮನೇ. ಯಾತಕ್ಕೆಂದು ಅವನು ಹೇಳಲಿಲ್ಲ.

ನ್ಯಾಯ ಕೈಬಿಡಬಾರದೆಂದು ದೊಡ್ಡಮ್ಮ ಸಾಕ್ಷಿಗಾಗಿ ನನ್ನನ್ನು ನೇಮಿಸಿದರು. ನಾನು ಆಗ ದರ್ಬೆಯಲ್ಲಿ ಟೈಪಿಂಗ್ ಕಲಿಯುತ್ತಿದ್ದೆ, ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. "ವಾರಿಜ, ನಾಳೆ ಪಿಕಪ್ಪಿನಲ್ಲಿ ಹೋಗು. ಕಿವಿ ಬಿಟ್ಟು ಕೂರು" ಎಂದರು. ಮರುದಿನ ಹಿಂದೆ ರಬ್ಬರ್ ಶೀಟಿನ ಕಟ್ಟುಗಳು, ಮುಂದೆ ಜನ್ನುವಿನ ಪಕ್ಕ ನಾನು. ಉಪ್ಪಿನಂಗಡಿ ದಾಟಿತು, ಪುತ್ತೂರು ಬಂತು, ನನಗೆ ಕೇಳಿಸಿದ್ದು ಜನ್ನುವಿನ ನಿಟ್ಟುಸಿರು ಮಾತ್ರ. ಸಂಜೆ ಗೆಳತಿಯರ ಜೊತೆ ಬಸ್ಸಿನಲ್ಲಿ ಬಂದು, "ಶಬ್ದವೇ ಇಲ್ಲ ದೊಡ್ಡಮ್ಮ" ಎಂದು ವರದಿ ಒಪ್ಪಿಸಿದೆ.

ಇನ್ನೊಂದು ದಿನ ಸಂಜೆಯ ಬಸ್ಸು ಬರಲಿಲ್ಲ. ಮಾಲು ಇಳಿಸಿ ಖಾಲಿ ಹೊರಟಿದ್ದ ಜನ್ನು ನನ್ನನ್ನು ಹತ್ತಿಸಿಕೊಂಡ. ದರ್ಬೆ ದಾಟಿ ವೇಗ ಹಿಡಿದದ್ದೇ ತಡ, ಕಾಲಡಿಯಲ್ಲಿ ಜೇನು ಎದ್ದ ಹಾಗೆ ಗುಂಯ್ ಎಂದಿತು. ಅಂಗಾಲು ಜುಮ್ಮೆಂದಿತು, ಕನ್ನಡಿಯಲ್ಲಿ ಹಿಂದಿನ ರಸ್ತೆ ಎರಡೆರಡಾಗಿ ಕಂಡಿತು, ನನ್ನ ಕಿವಿಯೋಲೆ ಕೂಡ ಕುಣಿಯಿತು.

"ಕೇಳ್ತಾ ಸಣ್ಣಕ್ಕ? ಕೇಳ್ತಾ?" ಜನ್ನು ಸ್ಟಿಯರಿಂಗ್ ಬಿಟ್ಟು ಚಪ್ಪಾಳೆ ತಟ್ಟುವುದೊಂದು ಬಾಕಿ. ಅವನು ನನಗೆ ಪಾಠವನ್ನೂ ಮಾಡಿದ. ಗೇರು ಬದಲಿಸಿ ಅದೇ ವೇಗದಲ್ಲಿ ಹೋದ, ಶಬ್ದ ಹಾಗೆಯೇ. ಗೇರು ತೆಗೆದು ಸುಮ್ಮನೆ ಉರುಳಲು ಬಿಟ್ಟ, ಆಗಲೂ ಹಾಗೆಯೇ. ಎಂಜಿನ್ನು, ಗೇರು ಯಾವುದರದ್ದೂ ತಪ್ಪಲ್ಲ, ಅಡಿಯಲ್ಲಿ ತಿರುಗುವ ಶಾಫ್ಟಿನದ್ದೇ ತಕರಾರು ಎಂದು ನನಗೂ ಅರ್ಥವಾಯಿತು. ನನಗೆ ಅರ್ಥವಾದ ಮೊದಲ ವಿಜ್ಞಾನ ಅದು. ಪಿಯುಸಿಯಲ್ಲಿ ಅಂಥದ್ದೇನೂ ಆಗಿರಲಿಲ್ಲ.

ಮನೆಗೆ ಓಡಿಬಂದು ಹೇಳಿದರೆ ದೊಡ್ಡಮ್ಮ ಕನ್ನಡಕದ ಮೇಲಿನಿಂದ ನೋಡಿದರು. "ಎಂತ, ಮಸಾಲೆ ದೋಸೆಯಾ, ಬರೀ ಗೋಳಿಬಜೆಯಾ?" ಜನ್ನು ನನಗೆ ಗೋಳಿಬಜೆ ತಿನ್ನಿಸಿದ್ದು ನಿಜ. ಆದರೆ ಅದು ಶಬ್ದ ಕೇಳಿದ ಮೇಲೆ, ಉಪ್ಪಿನಂಗಡಿಯಲ್ಲಿ. ಈ ಸೂಕ್ಷ್ಮವನ್ನು ಕೋರ್ಟು ಪರಿಗಣಿಸಲಿಲ್ಲ.

ಸಂಕ್ರಮಣ ಹತ್ತಿರವಾಗುತ್ತಿತ್ತು. ನಾನು, ಜನ್ನು, ವರ್ಕಿಚೇಟ ಮೂವರೂ ಕೊಟ್ಟಿಗೆಯ ಹಿಂದೆ ಸಭೆ ಸೇರಿದೆವು. ದೊಡ್ಡಮ್ಮ ಇದ್ದಾಗ ಶಬ್ದ ಇಲ್ಲವೇ ಇಲ್ಲ, ಇಲ್ಲದಾಗ ಹೆಚ್ಚಾಗಿ ಉಂಟು. ವರ್ಕಿಚೇಟ ಆಚೀಚೆ ನೋಡಿ, ಸ್ವರ ತಗ್ಗಿಸಿ, "ಚೇಚಿಯ ವೆಯ್ಟ್" ಎಂದರು.

ದೊಡ್ಡಮ್ಮನ ಎದುರು ತೂಕದ ಮಾತು ಎತ್ತುವಂತಿರಲಿಲ್ಲ. "ನಮ್ಮ ಮನೆತನದವರದ್ದು ಎಲುಬು ಭಾರ" ಎಂದು ಅವರೇ ಎಂದೋ ಕಟ್ಟಳೆ ಹೊರಡಿಸಿದ್ದರು. ರಬ್ಬರ್ ತೂಗುವ ತಕ್ಕಡಿಯ ಹತ್ತಿರವೂ ಅವರು ಸುಳಿಯುತ್ತಿರಲಿಲ್ಲ. "ನೀವು ಕೂತ ಭಾರಕ್ಕೆ ಗಾಡಿಯ ಬಾಯಿ ಮುಚ್ಚಿಹೋಗುತ್ತದೆ" ಎಂದು ಅವರಿಗೆ ಹೇಳುವ ಧೈರ್ಯ ಯಾರಿಗಿದೆ? ಜನ್ನು ಹೇಳಿದರೆ ಕೆಲಸ ಸಂಕ್ರಮಣದವರೆಗೂ ಉಳಿಯುತ್ತಿರಲಿಲ್ಲ.

ಆದರೂ ಪರೀಕ್ಷೆ ಮಾಡಿದೆವು. ದೊಡ್ಡಮ್ಮ ಮಧ್ಯಾಹ್ನ ಮಲಗಿದ್ದಾಗ ಅವರ ಬದಲಿಗೆ ಅಕ್ಕಿಯ ಮುಡಿಗಳನ್ನು ಗಾಡಿಗೆ ಹೇರಿದೆವು. ಎಷ್ಟು ಮುಡಿಯೆಂದರೆ ಒಬ್ಬ ದೊಡ್ಡಮ್ಮ ಎಂಬುದರ ಮೇಲೆಯೇ ಬಹಳ ಚರ್ಚೆ ನಡೆಯಿತು. ವರ್ಕಿಚೇಟ ತಮ್ಮ ಅಭ್ಯಾಸದಂತೆ ಹೆಚ್ಚೇ ಹೇಳಿದರು. ರಸ್ತೆಗೆ ಹೋದರೆ ಗುಂಯ್ ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಹತ್ತಿಸಿಕೊಂಡ ಮೇಲೆ ಪೂರ್ತಿ ನಿಂತಿತು. ಆಗ ಜನ್ನು ಬ್ರೇಕು ಹಾಕಿ ತಲೆಗೆ ಕೈ ಹೊಡೆದುಕೊಂಡ. "ಪ್ಲೇಟು! ಹೆಚ್ಚಿನ ಪ್ಲೇಟು ಹಾಕಿದ್ದು!"

ಸಂಗತಿ ಇಷ್ಟೇ. ಹೊಸ ಪ್ಲೇಟಿನಿಂದ ಖಾಲಿ ಗಾಡಿಯ ಹಿಂಬದಿ ಮೇಲೆದ್ದು, ಶಾಫ್ಟು ಸೊಟ್ಟ ಮೂಲೆಯಲ್ಲಿ ತಿರುಗುತ್ತಿತ್ತು. ಕಡೆಗೋಲನ್ನು ಓರೆ ಹಿಡಿದು ಕಡೆದರೆ ಪಾತ್ರೆ ನಡುಗುವುದಿಲ್ಲವೇ, ಹಾಗೆ. ಹೇರು ಬಿದ್ದರೆ ಹಿಂಬದಿ ತಗ್ಗಿ ಎಲ್ಲ ನೆಟ್ಟಗಾಗುತ್ತಿತ್ತು. ಗ್ಯಾರೇಜಿಗೆ ಹೋಗುವುದು ಖಾಲಿ ಗಾಡಿ, ದೊಡ್ಡಮ್ಮ ಹೋಗುವುದು ತುಂಬಿದ ಗಾಡಿ. ಮೇಸ್ತ್ರಿಗೆ ಯಾವಾಗಲೂ ಶಬ್ದ, ದೊಡ್ಡಮ್ಮನಿಗೆ ಯಾವಾಗಲೂ ಮೌನ.

ಇನ್ನು ದೊಡ್ಡಮ್ಮನನ್ನು ಒಮ್ಮೆ ಖಾಲಿ ಗಾಡಿಯಲ್ಲಿ ಕೂರಿಸಿದರೆ ಜನ್ನು ಬದುಕಿದ ಎಂದುಕೊಂಡೆವು. ಅದೇ ಆಗದ ಮಾತು. "ಸುಮ್ಮನೆ ಕಡಬದವರೆಗೆ ಒಂದು ರೌಂಡು ಹೋಗುವ ದೊಡ್ಡಮ್ಮ" ಎಂದು ನಾನು ಕರೆದೆ. "ಸುಮ್ಮನೆ ಯಾಕೆ ಹೋಗುದು? ಹೋಗುವ ಗಾಡಿ ಅಲ್ವಾ" ಎಂದು ದಾರಿಯಲ್ಲಿ ಸಿಗುವ ಮನೆಗಳಿಗೆಲ್ಲ ಹಂಚಲು ಅರ್ಧ ತೋಟವನ್ನೇ ಹೇರಿಸಿದರು. ಡಾಕ್ಟರರ ಹತ್ತಿರ ಹೋಗುವಾಗ ಡಾಕ್ಟರರಿಗೆ ಗೊನೆ. ಬ್ಯಾಂಕಿಗೆ ಹೋಗುವಾಗ ಮೆನೇಜರರಿಗೆ ಕುಂಬಳಕಾಯಿ. ಬರಿಗೈಯಲ್ಲಿ ಹೋಗುವ ಜಾಗವೊಂದು ಈ ಭೂಮಿಯ ಮೇಲೆ ಅವರಿಗಿರಲಿಲ್ಲ.

ಒಂದು ಇತ್ತು. ನಮಗೆ ಹೊಳೆದಿರಲಿಲ್ಲ. ಸಂಕ್ರಮಣದ ಹಿಂದಿನ ದಿನ ಬೆಳಿಗ್ಗೆ ಸುಳ್ಯದಿಂದ ಸುದ್ದಿ ಬಂತು. ದೊಡ್ಡಪ್ಪನ ಕಡೆಯ ಅಜ್ಜ ಒಬ್ಬರು, ಹಣ್ಣು ಹಣ್ಣಾಗಿದ್ದವರು, ಮಲಗಿದ್ದಲ್ಲೇ ತೀರಿಹೋಗಿದ್ದರು. ಸಾವಿನ ಮನೆಗೆ ನಮ್ಮಲ್ಲಿ ಹಣ್ಣುಕಾಯಿ ಒಯ್ಯುವುದಿಲ್ಲ. ಅಲ್ಲಿಂದ ಏನನ್ನೂ ತರುವುದೂ ಇಲ್ಲ. "ಹೋಗಿ ಬರ್ತೇನೆ" ಎಂದು ಹೇಳುವುದು ಕೂಡ ಇಲ್ಲ.

ನಾನು ಜನ್ನುವಿನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಯಾರದೋ ಸಾವಿನಲ್ಲಿ ಸಂತೋಷ ಪಡುವುದು ಮಹಾಪಾಪ. ಆ ಪಾಪವನ್ನು ನಾವಿಬ್ಬರೂ ಸಮನಾಗಿ ಹಂಚಿಕೊಂಡೆವು. ಜನ್ನು ಗಾಡಿಯನ್ನು ಗುಡಿಸಿ, ಒಂದು ತೆಂಗಿನ ಸಿಪ್ಪೆ ಕೂಡ ಉಳಿಯದಂತೆ ನೋಡಿಕೊಂಡ. ಕುರ್ಚಿಯೊಂದು ಉಳಿಯಿತು. ದೊಡ್ಡಮ್ಮ ಬಿಳಿ ಸೀರೆಯುಟ್ಟು, ಗಂಭೀರವಾಗಿ ಏರಿ ಕೂತರು.

ಪಂಜದವರೆಗೆ ರಸ್ತೆ ಬರೀ ತಿರುವು, ವೇಗವಿಲ್ಲ. ನಾನು ಮುಂದೆ ಜನ್ನುವಿನ ಪಕ್ಕ ಅಂಗಾಲು ಊರಿ ಕೂತಿದ್ದೆ. ಎಷ್ಟೆಂದರೂ ಹಿಂದೆ ಕೂತಿರುವುದು ದೊಡ್ಡಮ್ಮ. ಅವರೊಬ್ಬರ ಭಾರಕ್ಕೇ ಶಬ್ದ ಅಡಗಿಬಿಟ್ಟರೆ? ಬೆಳ್ಳಾರೆ ದಾಟಿ ರಸ್ತೆ ಸ್ವಲ್ಪ ನೆಟ್ಟಗಾಯಿತು. ಜನ್ನು ತುಟಿ ಕಚ್ಚಿ ಕಾಲು ಒತ್ತಿದ. ಮೊದಲು ಸಣ್ಣಗೆ, ಆಮೇಲೆ ಧಾರಾಳವಾಗಿ, ಗುಂಯ್ ಎಂದಿತು.

ಕ್ಯಾಬಿನ್ನಿನ ತಲೆಯ ಮೇಲೆ ಕೊಡೆಯ ಹಿಡಿಯಿಂದ ಬಡಿದ ಸದ್ದಾಯಿತು. "ನಿಲ್ಸು!"

ಜನ್ನು ಇಳಿದು, ಎತ್ತಿ ಕಟ್ಟಿದ ಲುಂಗಿ ಇಳಿಬಿಟ್ಟು ನಿಂತ. ದೊಡ್ಡಮ್ಮನ ಮುಖದಲ್ಲಿ ಕೋಪವಿರಲಿಲ್ಲ. ಹಲಸಿನಕಾಯಿ ತಟ್ಟುವಾಗಿನ ಮುಖ ಅದು.

"ಇನ್ನೊಮ್ಮೆ ಬಿಡು. ನಿಧಾನ."

ಬಿಟ್ಟ. ಅಲ್ಲಿಂದ ಪ್ರತಿ ಸಲ ಕೊಡೆಯಿಂದ ಬಡಿಯುವುದು, ಜೋರು ಎನ್ನುವುದು, ಮೆಲ್ಲ ಎನ್ನುವುದು, ಇಳಿಜಾರಿನಲ್ಲಿ ಗೇರು ತೆಗೆದು ಉರುಳಲು ಬಿಡು ಎನ್ನುವುದು. ಒಂದು ಜಾಗದಲ್ಲಿ ಗಾಡಿ ತಿರುಗಿಸಿ ಅದೇ ರಸ್ತೆಯಲ್ಲಿ ಮತ್ತೊಮ್ಮೆ ಓಡಿಸಿದರು. ಹೊತ್ತು ಮೀರುತ್ತಿತ್ತು.

"ದೊಡ್ಡಮ್ಮ, ಅಲ್ಲಿ ಹೆಣ ಎತ್ತುವ ಹೊತ್ತಾಯ್ತು" ಎಂದೆ.

"ಅಜ್ಜ ಕಾಯ್ತಾರೆ. ಅವರಿಗೆ ಇನ್ನೆಂತ ಅರ್ಜೆಂಟು?" ಎಂದರು ದೊಡ್ಡಮ್ಮ. ಕೊನೆಗೆ ಗಾಡಿ ನಿಲ್ಲಿಸಿ ತೀರ್ಪು ಹೇಳಿದರು. "ಶಬ್ದ ಉಂಟು. ಎಂಜಿನಿನದ್ದಲ್ಲ. ಅಡಿಯದ್ದು. ಜನ್ನು ಹೇಳಿದ್ದು ಸತ್ಯ."

ಜನ್ನುವಿನ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ದಾರಿಯಲ್ಲಿ ಹೋಗುತ್ತಿದ್ದವರು ಸತ್ತವರು ನಮಗೆ ಬಹಳ ಹತ್ತಿರದವರು ಎಂದುಕೊಂಡಿರಬೇಕು.

"ಆದ್ರೆ ಇಷ್ಟು ದಿನ ಇಲ್ಲದ್ದು ಇವತ್ತು ಯಾಕೆ ಬಂತು?" ದೊಡ್ಡಮ್ಮ ಕೇಳಿದರು.

ಸಂತೋಷದಲ್ಲಿ ಜನ್ನುವಿನ ನಾಲಿಗೆಗೆ ಬ್ರೇಕು ಹಿಡಿಯಲಿಲ್ಲ. "ಖಾಲಿ ಗಾಡಿ ಅಲ್ವಾ ಅಮ್ಮ! ಖಾಲಿ ಇರುವಾಗ ಮಾತ್ರ ಬರುದು!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಗಾಡಿಯೊಳಗೆ ಯಜಮಾನ್ತಿಯನ್ನೇ ಕೂರಿಸಿಕೊಂಡು ಖಾಲಿ ಎನ್ನುವುದೇ? ಸಿಕ್ಕಿದ ಕೆಲಸವನ್ನು ಅಲ್ಲೇ ರಸ್ತೆಬದಿಯಲ್ಲಿ ಚೆಲ್ಲಿಕೊಂಡ ಎಂದು ನಾನು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟರೆ ದೊಡ್ಡಮ್ಮ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಮುಖ ನಿಧಾನವಾಗಿ ಅರಳುತ್ತಿತ್ತು.

"ನಾನು ಕೂತಿದ್ದೂ ಗಾಡಿಗೆ ಖಾಲಿಯೇ ಲೆಕ್ಕವಾ?"

"ಹೌದಮ್ಮ" ಎಂದ ಜನ್ನು.

"ಸರಿಯಾಗಿ ಹೇಳು. ನಾನು ಕೂತರೆ ಅದಕ್ಕೆ ಗೊತ್ತೇ ಆಗುದಿಲ್ವಾ?"

"ಇಲ್ಲಮ್ಮ. ಒಂಚೂರೂ ಇಲ್ಲ."

ದೊಡ್ಡಮ್ಮ ಕೊಡೆ ಬಿಡಿಸಿದರು. "ನಡೆ" ಎಂದರು. ಹುಡುಗಿಯ ಸ್ವರ ಬಂದಿತ್ತು.

ಸಾವಿನ ಮನೆಯಲ್ಲಿ ಅವರು ಹೆಂಗಸರ ನಡುವೆ ಕೂತು, ಮುಖ ಇಳಿಬಿಡಲು ಬಹಳ ಶ್ರಮಪಟ್ಟರು. ಅಜ್ಜನ ಮಗಳು ಅಳುತ್ತಾ ಬಂದು ತಬ್ಬಿಕೊಂಡಾಗ ಬೆನ್ನು ಸವರಿ, "ನೀನು ಇಳಿದುಹೋಗಿದ್ದೀ ಮಗಾ" ಎಂದರು. ಒಂದು ಗಳಿಗೆ ಬಿಟ್ಟು, ತಡೆಯಲಾಗದೆ, "ನಾನೂ ಹಾಗೆಯೇ. ನನಗೂ ಇವತ್ತೇ ಗೊತ್ತಾದದ್ದು" ಎಂದರು. ಆ ಹೆಂಗಸು ಅರ್ಥವಾಗದೆ ಇನ್ನೂ ಜೋರಾಗಿ ಅತ್ತಳು.

ಕಾರ್ಯ ಮುಗಿಸಿ, ಯಾರಿಗೂ ಹೇಳದೆ ಹೊರಬಂದೆವು. ದೊಡ್ಡಮ್ಮ ಏರಿ ಕುಳಿತ ಮೇಲೆ ಜನ್ನು ವಿಧೇಯನಾಗಿ, "ಅಮ್ಮ, ನಾಳೆಯೇ ದರ್ಬೆಗೆ ಹೋಗ್ತೇನೆ. ಆ ಹೆಚ್ಚಿನ ಪ್ಲೇಟು ತೆಗೆಸಿದ್ರೆ ಆಯ್ತು, ಶಬ್ದ ನಿಲ್ತದೆ" ಎಂದ.

ದೊಡ್ಡಮ್ಮ ಕೊಡೆಯ ಹಿಡಿಯನ್ನು ಅವನ ಮೂಗಿನವರೆಗೆ ತಂದರು.

"ಕೀಲಿಕೈ ನಿನ್ನ ಹತ್ರವೇ ಇರಲಿ. ಆದ್ರೆ ಆ ಶಬ್ದ ನಿಂತ ದಿನ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."